ಒಲೆ ಮುಂದಿನ ಲಿಂಗಣ್ಣ

ಆ ಡಿಸೆಂಬರಿನಲ್ಲಿ ಹಂದನಕೆರೆಯ ಮಹಿಳಾ ಸಂಘದವರು ಒಂದು ಸ್ಪರ್ಧೆ ಇಟ್ಟರು. ಮನೆಯ ಸಾಮಾನಿನಿಂದಲೇ ಚಳಿಗಾಲದ ಅಲಂಕಾರ ಮಾಡಿ ಅಂಗನವಾಡಿಯಲ್ಲಿ ಇಡಬೇಕು. ಸೊಸೆ ಪದ್ಮಶ್ರೀ ಹಳೆಯ ಗ್ರೀಟಿಂಗ್ ಕಾರ್ಡೊಂದನ್ನು ಚಿಕ್ಕಗಂಗಮ್ಮನಿಗೆ ತೋರಿಸಿದಳು. ಅದರ ತುಂಬ ಹಿಮ.

“ದಿಂಬಿನ ಹತ್ತಿ ಕಿತ್ತು ಹಿಂಗೇ ಮಾಡಾಣ ಅತ್ತೆ.”

“ನಮ್ಮೂರಾಗೆ ಇದು ಯಾವತ್ತು ಬಿದ್ದೈತೆ? ನಮ್ಮನೇಲಿ ಚಳಿಗಾಲ ಅಂದ್ರೆ ನಿಮ್ಮಾವ ಕಣೇ.”

ಅದು ಸುಳ್ಳಲ್ಲ. ದೀಪಾವಳಿ ಕಳೆದ ಮೇಲೆ ಲಿಂಗಣ್ಣ ಕಂಬಳಿ ಹೊದ್ದು ಒಲೆ ಮುಂದೆ ಕೂತರೆ ಶಿವರಾತ್ರಿಯವರೆಗೆ ಅಲುಗುತ್ತಿರಲಿಲ್ಲ.

ಸ್ಪರ್ಧೆಯ ದಿನ ಅವನು ಸ್ನಾನಕ್ಕೆ ಹೋದದ್ದೇ ತಡ, ಅತ್ತೆ ಸೊಸೆ ಅವನ ಕಂಬಳಿ, ಮಂಕಿ ಟೋಪಿ ಎತ್ತಿಕೊಂಡು ಅಂಗನವಾಡಿಗೆ ಹೊರಟರು. ಚೀಲಕ್ಕೆ ರಾಗಿ ಹುಲ್ಲು ತುಂಬಿ ಮೈ ಮಾಡಿದರು. ತಲೆಗೆ ಮಡಕೆ, ಮೀಸೆಗೆ ತೆಂಗಿನ ನಾರು. ಮುಂದೆ ಒಂದಿಷ್ಟು ತೆಂಗಿನ ಮಟ್ಟೆ ಪೇರಿಸಿ, ಬೆಂಕಿಯಂತೆ ಕೆಂಪು ರವಿಕೆ ಚೂರು ಸಿಕ್ಕಿಸಿದರು.

ನೋಡಲು ಬಂದ ಪಕ್ಕದ ಮನೆಯ ಹುಚ್ಚರಂಗಯ್ಯ ಬಾಗಿಲಲ್ಲೇ ನಿಂತ. “ಏನ್ಲಾ ಲಿಂಗಣ್ಣ, ಹೆಂಗಸರ ಸಂಘಕ್ಕೆ ಯಾವಾಗ ಸೇರ್ದೆ?”

ಹುಚ್ಚರಂಗಯ್ಯ ಬಾಗಿಲು ಬಡಿದ.

“ಮಾತಾಡ್ಸಿದ್ರೂ ಸುಮ್ಕಿದ್ದೀಯಾ? ಆಯ್ತು ಬುಡು, ಇನ್ನ ನಿನ್ ಮನೆ ಕಡೆ ತಲೆ ಹಾಕಲ್ಲ.”

ಸಿಟ್ಟಿನಿಂದ ತಿರುಗಿದರೆ, ಹೆಂಡತಿಯ ಸೀರೆ ಸುತ್ತಿಕೊಂಡು ನಡುಗುತ್ತಾ ಲಿಂಗಣ್ಣ ಎದುರಿಗೇ ಬರುತ್ತಿದ್ದ. ಹುಚ್ಚರಂಗಯ್ಯ ಇವನನ್ನೊಮ್ಮೆ ಬೊಂಬೆಯನ್ನೊಮ್ಮೆ ನೋಡಿ ಅಲ್ಲೇ ಕುಕ್ಕರಿಸಿದ.

ನೆರೆದ ಹೆಂಗಸರ ನಗು ಕೇಳಿ ಲಿಂಗಣ್ಣನ ಮುಖ ಕೆಂಪಾಯಿತು. ಅವನು ಬೈಯಲು ಬಾಯಿ ತೆರೆಯುವಷ್ಟರಲ್ಲಿ ತೀರ್ಪು ಕೊಡಲು ಬಂದಿದ್ದ ಮೇಡಂ ಫಲಿತಾಂಶ ಓದಿದರು. ಹಿಂದಿನ ಬೀದಿಯ ಚಿಕ್ಕಗೌರಮ್ಮ ಮಾಡಿದ್ದ ಹತ್ತಿಯ ಹಿಮಕ್ಕೆ ಮೊದಲನೆಯ ಬಹುಮಾನ, ಲಿಂಗಣ್ಣನ ಬೊಂಬೆಗೆ ಎರಡನೆಯದು.

ಅವನ ಸಿಟ್ಟು ದಿಕ್ಕು ಬದಲಿಸಿತು. “ಮೇಡಮ್ಮೋರೆ, ಆ ಹತ್ತಿ ಮುಟ್ಟಿ ನೋಡಿ, ಬೆಚ್ಚಗೈತೆ. ಅದೆಂಗೆ ಚಳಿಗಾಲ ಆಯ್ತದೆ? ನನ್ನ ನೋಡಿ.” ಹಲ್ಲು ಕಟಕಟ ಅನ್ನುತ್ತಿತ್ತು.

“ಜೊತೇಲೇ ಬೆಳೆದೋನು ನಾನೇ ಮೋಸ ಹೋದೆ ಕಣ್ರೀ,” ಎಂದ ಹುಚ್ಚರಂಗಯ್ಯ.

ಮೇಡಂ ನಗು ತಡೆದುಕೊಂಡು ಇಬ್ಬರಿಗೂ ಮೊದಲ ಸ್ಥಾನ ಎಂದು ಬರೆದರು. ಬಹುಮಾನಕ್ಕೆ ತಂದಿದ್ದ ಒಂದೇ ಬಿಂದಿಗೆ ಚಿಕ್ಕಗೌರಮ್ಮನಿಗೆ ಹೋಯಿತು, ಇವರಿಗೆ ಸ್ಟೀಲ್ ತಂಬಿಗೆ.

ಮನೆ ಎರಡೇ ಹೆಜ್ಜೆ. ಆದರೂ ಲಿಂಗಣ್ಣ ತಂಬಿಗೆಯನ್ನು ಎಲ್ಲರಿಗೂ ಕಾಣುವಂತೆ ಹಿಡಿದು ಬಸ್ ಸ್ಟ್ಯಾಂಡ್ ಸುತ್ತಿಕೊಂಡು ಹೋದ.