ಕಾಣೆಯಾದ ಹತ್ತೊಂಬತ್ತು ಲಿಫ್ಟುಗಳು

"ನೂರಕ್ಕೆ ನೂರು!" ಮ್ಯಾನೇಜರು ಕುರ್ಚಿಯಿಂದ ಎದ್ದೇಬಿಟ್ಟರು. "ಒಂದು ಲಿಫ್ಟೂ ಕೆಟ್ಟಿಲ್ಲ! ಇದನ್ನೇ ನೋಡಮ್ಮ ಕೈಗುಣ ಅನ್ನೋದು."

ಪರದೆಯ ಮೇಲೆ ಎಲ್ಲಿ ನೋಡಿದರೂ ಹಸಿರು ಚುಕ್ಕಿ. ಲಿಫ್ಟ್ ರಿಪೇರಿಯ ಆ ಕಚೇರಿಯಲ್ಲಿ ವರದಿ ತಯಾರಿಸುವ ಹುಡುಗಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅವಳ ಆರು ತಿಂಗಳ ಪರೀಕ್ಷಾವಧಿ ಅಂದೇ ಮುಗಿಯುವುದಿತ್ತು. ಕೆಲಸ ಕಾಯಂ ಮಾಡುವ ಪತ್ರ ಮ್ಯಾನೇಜರ ಮೇಜಿನ ಮೇಲೆ ಸಹಿಗಾಗಿ ಕಾದಿತ್ತು.

ಅವಳು ಮಾಡಿದ್ದಾದರೂ ಏನು? ಎಕ್ಸೆಲ್ ಕಡತದಿಂದ ಅಂಕಿಗಳನ್ನು ಎಳೆದುಕೊಳ್ಳಲು ವರದಿಗೆ ಅರ್ಧ ಗಂಟೆ ಹಿಡಿಯುತ್ತಿತ್ತು. ಇನ್ನು ಮೇಲೆ ಸಿಎಸ್‌ವಿ ಎಂಬ ಹಗುರ ಮಾದರಿಯ ಕಡತವೇ ಆಗಬೇಕೆಂದು ಹೆಡ್ ಆಫೀಸು ಹೇಳಿತ್ತು. ಬೆಳಿಗ್ಗೆ ಅವಳು ಎಕ್ಸೆಲ್ಲನ್ನು ಸಿಎಸ್‌ವಿಯಾಗಿ ಉಳಿಸಿ, ವರದಿಯನ್ನು ಆ ಕಡತಕ್ಕೆ ಜೋಡಿಸಿದ್ದಳು. ನಡುವೆ ಕಂಪ್ಯೂಟರು ಏನೋ ಎಚ್ಚರಿಕೆ ಹೇಳಲು ಬಂತು. ಕಂಪ್ಯೂಟರಿನ ಎಚ್ಚರಿಕೆಯನ್ನು ಪೂರ್ತಿ ಓದಿದವರು ಯಾರಾದರೂ ಇದ್ದರೆ ಅವರಿಗೆ ಶಾಲು ಹೊದಿಸಿ ಸನ್ಮಾನ ಮಾಡಬೇಕು. ಇವಳು 'ಸರಿ' ಒತ್ತಿದಳು. ವರದಿ ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆದುಕೊಂಡಿತು.

ಮಧ್ಯಾಹ್ನ ಫೋರ್‌ಮನ್ ಬಂದರು. ಕೆಟ್ಟ ಲಿಫ್ಟುಗಳನ್ನು 'ನಮ್ಮ ರೋಗಿಗಳು' ಎನ್ನುವ ಈ ಮನುಷ್ಯನನ್ನು ಕಚೇರಿಯವರೆಲ್ಲ ಡಾಕ್ಟರು ಎಂದೇ ಕರೆಯುತ್ತಿದ್ದರು. ಪರದೆ ನೋಡಿದರು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು.

"ನಮ್ಮ ರೋಗಿಗಳೆಲ್ಲಿ ಮಗಳೇ?"

"ಎಲ್ಲಾ ಗುಣ ಆಗಿದ್ದಾರಲ್ಲ ಡಾಕ್ಟ್ರೇ!"

"ನಾನು ಔಷಧೀನೇ ಕೊಟ್ಟಿಲ್ಲ, ಗುಣ ಹೇಗಾದ್ರು? ನಮ್ದು ಒಟ್ಟು ನೂರಾ ಹನ್ನೆರಡು ಲಿಫ್ಟು. ಇಲ್ಲಿ ತೊಂಬತ್ಮೂರೇ ಇದೆ."

ಅವಳು ಹಳೆಯ ಕಡತ ತೆರೆದು ನೋಡಿದಳು. ಎಕ್ಸೆಲ್ಲಿನಲ್ಲಿ ಎರಡು ಹಾಳೆಗಳಿದ್ದವು: ಓಡುವ ಲಿಫ್ಟುಗಳಿಗೆ ಒಂದು, ನಿಂತವಕ್ಕೆ ಇನ್ನೊಂದು. ಲಿಫ್ಟು ಕೆಟ್ಟರೆ ಡಾಕ್ಟರು ಅದನ್ನು ಎರಡನೆಯದಕ್ಕೆ ಸೇರಿಸುವರು, ರಿಪೇರಿಯಾದರೆ ಮೊದಲನೆಯದಕ್ಕೆ ಮರಳಿಸುವರು. ಸಿಎಸ್‌ವಿ ಕಡತದಲ್ಲಿ ಒಂದೇ ಹಾಳೆಗೆ ಜಾಗ. ಅದು ತೆರೆದಿದ್ದ ಮೊದಲನೆಯದನ್ನಷ್ಟೇ ಒಯ್ದಿತ್ತು. ಎಚ್ಚರಿಕೆಯಲ್ಲಿ ಇದ್ದದ್ದೂ ಅದೇ.

"ವರದೀಲಿ ಇಲ್ಲ ಅಂದ್ರೆ ಅವಕ್ಕೆ ಹೆಡ್ ಆಫೀಸಿನೋರು ಬಿಡಿಭಾಗ ಕಳ್ಸಲ್ಲ ಕಣಮ್ಮ," ಎಂದರು ಡಾಕ್ಟರು. "ಎಂಟನೇ ಮಹಡಿ ಅಜ್ಜಿ ಒಬ್ರು ದಿನಾ ಫೋನ್ ಮಾಡ್ತಾರೆ. ಮೂರು ವಾರ ಆಯ್ತು ಕೆಳಗಿಳಿದು."

ಇಬ್ಬರೂ ಮ್ಯಾನೇಜರ ಬಳಿಗೆ ಹೋದರು. ಅಷ್ಟರಲ್ಲಿ ಹೆಡ್ ಆಫೀಸಿನಿಂದ ಅಭಿನಂದನೆಯೂ ಬಂದಾಗಿತ್ತು. ಮ್ಯಾನೇಜರು ಬಾಗಿಲು ಹಾಕಿಕೊಂಡು ಬಂದರು.

"ಈ ತಿಂಗಳು ಸುಮ್ನಿದ್ದುಬಿಡಿ. ಮುಂದಿನ ತಿಂಗಳಿಂದ ಒಂದೊಂದಾಗಿ ಕೆಡಿಸೋಣ."

ಅವಳು ಪತ್ರದ ಕಡೆ ನೋಡಿದಳು. ಪಕ್ಕದಲ್ಲಿದ್ದ ಪೆನ್ನಿನ ಮುಚ್ಚಳ ತೆಗೆದೇ ಇತ್ತು. ಆಸೆಯಾಯಿತು, ಸುಳ್ಳೇಕೆ ಹೇಳಬೇಕು?

"ಅಲ್ಲೀವರೆಗೆ ಆ ಅಜ್ಜಿ ಮೇಲೇ ಇರ್ಬೇಕಾ ಸರ್?" ಎಂದಳು.

ಅವಳು ತನ್ನ ಜಾಗಕ್ಕೆ ಬಂದು ಎರಡನೆಯ ಹಾಳೆಯನ್ನೂ ಸಿಎಸ್‌ವಿ ಮಾಡಿ ಸೇರಿಸಿದಳು. ಶೇಕಡಾ ನೂರು ಇದ್ದದ್ದು ಎಂಬತ್ತಮೂರಕ್ಕೆ ಇಳಿಯಿತು. 'ತಪ್ಪು ನನ್ನದು' ಎಂದು ಒಂದು ಸಾಲು ಬರೆದು ಹೆಡ್ ಆಫೀಸಿಗೆ ಕಳಿಸಿಯೇಬಿಟ್ಟಳು.

ಹತ್ತು ನಿಮಿಷಕ್ಕೆ ಮ್ಯಾನೇಜರ ಫೋನು ಬಡಿದುಕೊಂಡಿತು. ಅವರು ಎದ್ದು ನಿಂತು "ಸರ್... ಸರ್..." ಎಂದರು. ಫೋನಿಟ್ಟ ಮೇಲೆ ಪತ್ರವನ್ನು ಡ್ರಾಯರಿಗೆ ಹಾಕಿ, "ಇನ್ನೂ ಮೂರು ತಿಂಗಳು ನೋಡೋಣಮ್ಮ," ಎಂದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅವಳಿಗೆ ಅಳುವೇ ಬಂತು.

ಡಾಕ್ಟರು ಒಂದು ಕುರ್ಚಿ ಎಳೆದುಕೊಂಡು ಅವಳ ಪರದೆಯ ಮುಂದೆ ಕೂತರು. ಗ್ರೀಸು ಮೆತ್ತಿದ ಬೆರಳನ್ನು ಕೆಂಪು ಚುಕ್ಕಿಗಳ ಮೇಲೆ ಒಂದೊಂದಾಗಿ ಒತ್ತುತ್ತ ಎಣಿಸಿದರು.

"...ಹದಿನೆಂಟು, ಹತ್ತೊಂಬತ್ತು. ಎಲ್ಲಾ ಇದ್ದಾರೆ!"

ಆಮೇಲೆ ಪರದೆಯ ಗತಿ ನೋಡಿ ನಾಚಿಕೊಂಡು ಅಂಗಿಯ ತೋಳಿನಿಂದ ಒರೆಸಹೋದರು. ಗ್ರೀಸು ಇನ್ನಷ್ಟು ಹರಡಿತು.

"ಇರ್ಲಿ ಬಿಡಿ ಡಾಕ್ಟ್ರೇ," ಎಂದು ಅವಳು ಕಣ್ಣೊರೆಸಿಕೊಂಡಳು.