ಹೆಸರು ಕತ್ತರಿಸಿದ ಜೇಡದ ಚಿತ್ರ

ಮಗಳ ಶಾಲೆಯಲ್ಲಿ ಪೋಷಕರ ಸಭೆ ಇತ್ತು. ಸ್ಟುಡಿಯೋಗೆ ಬೀಗ ಹಾಕಿ ಬಂದಿದ್ದ ಫೋಟೋಗ್ರಾಫರ್, ಸಭೆ ಮುಗಿದ ಮೇಲೆ ವಿಜ್ಞಾನದ ಕೊಠಡಿಯತ್ತ ನಡೆದ. ಅಲ್ಲಿ ಪಾಠ ಹೇಳುವವಳು ಅವನ ಒಡಹುಟ್ಟಿದ ತಂಗಿ. ಶಾಲೆಗೆ ಬಂದೂ ಮುಖ ತೋರಿಸದೆ ಹೋದರೆ ವಾರವಿಡೀ ಮುನಿಸು.

ಬಾಗಿಲಲ್ಲೇ ಅವನ ಕಾಲುಗಳು ನಿಂತವು. ಕರಿಹಲಗೆಯ ಪಕ್ಕದ ಗೋಡೆಯಲ್ಲಿ ಆಳೆತ್ತರದ ಚಿತ್ರವೊಂದು ತೂಗುತ್ತಿತ್ತು. ಮೊಟ್ಟೆಯ ಚೀಲ ಸೀಳಿಕೊಂಡು ಹೊರಗೆ ಬರುತ್ತಿರುವ ಜೇಡದ ಮರಿಗಳು. ಅವನೇ ತೆಗೆದ ಚಿತ್ರ. ಸ್ಟುಡಿಯೋ ಹಿಂದಿನ ಒಣಗಿದ ತೊಟ್ಟಿಯೊಳಗೆ ಬೋರಲು ಮಲಗಿ, ಉಸಿರು ಬಿಗಿಹಿಡಿದು, ಇರುವೆ ಕಚ್ಚಿದರೂ ಕದಲದೆ ತೆಗೆದದ್ದು. ಮದುವೆಯ ಫೋಟೋ, ಪಾಸ್‌ಪೋರ್ಟ್ ಫೋಟೋ ಅವನ ಹೊಟ್ಟೆಪಾಡು. ಹುಳಹುಪ್ಪಟೆಯ ಫೋಟೋ ಅವನ ಜೀವ.

ಮೊದಲು ಖುಷಿಯೇ ಆಯಿತು. ಆಮೇಲೆ ಕಣ್ಣು ಕೆಳಗಿನ ಮೂಲೆಗೆ ಹೋಯಿತು. ಅಲ್ಲಿ ಸಣ್ಣ ಅಕ್ಷರದಲ್ಲಿ ಅವನ ಹೆಸರು ಇರಬೇಕಿತ್ತು. ಇರಲಿಲ್ಲ. ಅಷ್ಟು ಭಾಗವನ್ನು ಯಾರೋ ನೀಟಾಗಿ ಕತ್ತರಿಸಿಬಿಟ್ಟಿದ್ದರು.

“ಇದನ್ನ ಯಾರು ಹಾಕಿದ್ದು?”

“ನಾನೇ ಅಣ್ಣ. ಚೆನ್ನಾಗಿ ಬಂದಿದೆ ಅಲ್ವಾ? ನಿನ್ನ ಪೇಜಿನಿಂದ ಇಳಿಸ್ಕೊಂಡೆ.”

“ಹೆಸರು?”

“ಅಲ್ಲಿ ಪಾಠದ ಶೀರ್ಷಿಕೆ ಹಾಕಬೇಕಿತ್ತು. ಅಡ್ಡ ಬರ್ತಿತ್ತು, ತೆಗೆದೆ.”

ಯಾರೋ ಗೊತ್ತಿಲ್ಲದವರು ಮಾಡಿದ್ದರೆ ಬೈದಾದರೂ ಬರಬಹುದಿತ್ತು. ಮಾಡಿದವಳು ತಂಗಿ, ಅದೂ ನಗುನಗುತ್ತಾ ಹೇಳುತ್ತಿದ್ದಾಳೆ.

“ಒಂದು ಮಾತು ಕೇಳಬಹುದಿತ್ತಲ್ಲೇ.”

“ಸ್ವಂತ ಅಣ್ಣನ ಹತ್ತಿರ ಕೇಳೋದೇನು? ನಾನೇನು ಮಾರಿಕೊಂಡ್ನಾ? ಮಕ್ಕಳಿಗೋಸ್ಕರ ತಾನೆ. ನೆಟ್‌ನಲ್ಲಿ ಇರೋದು ಎಲ್ಲರದ್ದೂ ಅಲ್ವಾ? ಟೀಚರ್‌ಗಳ ಗ್ರೂಪಿಗೂ ಹಾಕಿದ್ದೀನಿ, ಶಾಲೆಗಳಿಗೆ ಹಂಚೋಕೆ ನಾನು ಮಾಡಿರೋ ವಿಜ್ಞಾನದ ಪುಸ್ತಕದಲ್ಲಿ ನಾಳೆ ಅಚ್ಚಿಗೂ ಹೋಗುತ್ತೆ.”

ಗ್ಲೋಬ್ ಹಿಂದಿರುಗಿಸಲು ಬಂದಿದ್ದ ಶಾಲೆಯ ಲೈಬ್ರೇರಿಯನ್ ಬಾಗಿಲ ಬಳಿ ನಿಂತು ಇದನ್ನೆಲ್ಲ ಕೇಳಿಸಿಕೊಂಡಿದ್ದರು. ಅವರು ಒಳಗೆ ಬಂದು ಕೇಳಿದರು: “ಟೀಚರ್, ಆ ಪುಸ್ತಕದ ಉಳಿದ ಚಿತ್ರಗಳು ಎಲ್ಲಿಂದ ಬಂದವು?”

“ಎಲ್ಲಾ ನೆಟ್‌ನಿಂದಾನೇ ಮೇಡಂ.”

“ಯಾರನ್ನಾದ್ರೂ ಕೇಳಿದ್ರಾ?”

ತಂಗಿ ಲ್ಯಾಪ್‌ಟಾಪ್ ತೆರೆದಳು. ಮೂವರೂ ಬಗ್ಗಿ ನೋಡಿದರು. ಜೇನುಹುಳು, ಬೇರು, ಕಪ್ಪೆ, ಮನುಷ್ಯನ ಹೃದಯ. ಎಷ್ಟು ಹಾಳೆ ಸರಿಸಿದರೂ ಒಂದರ ಕೆಳಗೂ ತೆಗೆದವರ ಹೆಸರಿಲ್ಲ, ಬಿಡಿಸಿದವರ ಹೆಸರಿಲ್ಲ. ಸರಿಸುತ್ತಾ ಸರಿಸುತ್ತಾ ಅವಳ ಬೆರಳು ನಿಧಾನವಾಯಿತು. ಮುಖದ ಬಣ್ಣ ಇಳಿಯಿತು.

“ಅಂದ್ರೆ ಇಷ್ಟೂ ಜನಕ್ಕೆ ನಾನು ಇದನ್ನೇ ಮಾಡಿದೀನಾ?” ಅಂದವಳು ಮಕ್ಕಳ ಬೆಂಚಿನ ಮೇಲೆ ಕುಸಿದು ಕೂತಳು.

ತಂಗಿ ಹಾಗೆ ಕೂತದ್ದನ್ನು ಕಂಡು ಫೋಟೋಗ್ರಾಫರನ ಸಿಟ್ಟು ಅರ್ಧ ಇಳಿದುಹೋಯಿತು.

ಲೈಬ್ರೇರಿಯನ್ ಕುರ್ಚಿ ಎಳೆದುಕೊಂಡು ಕೂತರು. “ನಿಮ್ಮ ಉದ್ದೇಶ ಒಳ್ಳೇದೇ ಟೀಚರ್. ತರಗತಿಯಲ್ಲಿ ಪಾಠಕ್ಕೆ ತೋರಿಸೋಕೆ ಕಾನೂನು ಎಷ್ಟೋ ಕಡೆ ಸ್ವಲ್ಪ ಸಡಿಲಿಕೆ ಕೊಡುತ್ತೆ. ಪುಸ್ತಕ ಮಾಡಿ ಊರಿಗೆಲ್ಲ ಹಂಚೋದು ಬೇರೆ ಮಾತು. ನೋಡೋಕೆ ಸಿಗೋದೆಲ್ಲ ಬಳಸೋಕೆ ಸಿಕ್ಕಿದ ಹಾಗಲ್ಲ.”

“ಹಾಗಾದ್ರೆ ಪುಸ್ತಕದ ಕಥೆ ಮುಗೀತು.”

“ಯಾಕೆ ಮುಗೀಬೇಕು? ನನ್ನ ಕೆಲಸವನ್ನ ಬಳಸಿ, ಹಂಚಿ ಅಂತ ಮೊದಲೇ ಒಪ್ಪಿಗೆ ಬರೆದಿಟ್ಟವರು ಬೇಕಾದಷ್ಟು ಜನ ಇದ್ದಾರೆ. ಅದಕ್ಕೆ ಮುಕ್ತ ಪರವಾನಗಿ ಅಂತಾರೆ. ಚಿತ್ರದ ಹತ್ತಿರ ಸಿಸಿ, ಅಂದ್ರೆ ಕ್ರಿಯೇಟಿವ್ ಕಾಮನ್ಸ್, ಅನ್ನೋ ಗುರುತು ಇರುತ್ತೆ. ಪಕ್ಕದಲ್ಲೇ ಶರತ್ತೂ ಇರುತ್ತೆ. ಕೆಲವರು ಹೆಸರು ಹಾಕಿದ್ರೆ ಸಾಕು ಅಂತಾರೆ. ಕೆಲವರು ವ್ಯಾಪಾರಕ್ಕೆ ಬೇಡ ಅಂತಾರೆ, ಕೆಲವರು ಬದಲಾಯಿಸಬೇಡಿ ಅಂತಾರೆ. ಓದ್ಕೊಂಡು ಬಳಸೋದು, ಅಷ್ಟೇ.”

ಪುಸ್ತಕ ಮರುದಿನ ಅಚ್ಚಿಗೆ ಹೋಗಲಿಲ್ಲ. ಶಾಲೆ ಬಿಟ್ಟ ಮೇಲೆ ದಿನವೂ ತಂಗಿ, ಲೈಬ್ರೇರಿಯನ್ ಇಬ್ಬರೂ ಲೈಬ್ರರಿಯಲ್ಲಿ ಕೂತು ಮುಕ್ತ ಚಿತ್ರಗಳನ್ನು ಹುಡುಕಿದರು. ಪ್ರತಿಯೊಂದರ ಕೆಳಗೂ ಮಾಡಿದವರ ಹೆಸರು, ಸಿಕ್ಕಿದ ಜಾಗ, ಪರವಾನಗಿ ಬರೆದರು. ಕಪ್ಪೆ ಸಿಕ್ಕಿತು, ಬೇರು ಸಿಕ್ಕಿತು, ಹೃದಯವಂತೂ ಮೊದಲಿನದಕ್ಕಿಂತ ಚೆಂದದ್ದೇ ಸಿಕ್ಕಿತು. ಜೇಡದ ಮರಿಗಳು ಹೊರಬರುವ ಆ ಗಳಿಗೆ ಮಾತ್ರ ಎಲ್ಲೂ ಸಿಗಲಿಲ್ಲ.

ಭಾನುವಾರ ತಂಗಿ ಲೈಬ್ರೇರಿಯನ್ನರನ್ನು ಕರೆದುಕೊಂಡು ಅಣ್ಣನ ಮನೆಗೆ ಬಂದಳು. ಬಂದವಳು ಹೊಸ್ತಿಲ ಆಚೆಯೇ ನಿಂತಳು.

“ಒಳಗೆ ಬಾರೇ, ಏನು ಸಾಲ ಕೇಳೋಕೆ ಬಂದವಳ ಹಾಗೆ ನಿಂತಿದ್ದೀಯ,” ಎಂದರು ಅಮ್ಮ.

“ಅಣ್ಣನ್ನ ಕೇಳೋಕೇ ಬಂದಿದೀನಿ ಅಮ್ಮ. ಅವತ್ತು ಕೇಳಲಿಲ್ಲ, ತಪ್ಪಾಯ್ತು. ಅಣ್ಣ, ಆ ಚಿತ್ರವನ್ನ ಪುಸ್ತಕಕ್ಕೆ ಕೊಡ್ತೀಯಾ? ಮುಕ್ತ ಪರವಾನಗಿಯಲ್ಲಿ?”

ಅಮ್ಮ ವಿಷಯವೆಲ್ಲ ಕೇಳಿ ತಿಳಿದುಕೊಂಡರು. ಆದರೆ ಒಪ್ಪಲಿಲ್ಲ. “ಎಲ್ಲಾ ಪುಕ್ಕಟೆ ಕೊಟ್ಟು ಇವನು ಕ್ಯಾಮೆರಾ ನೆಕ್ಕೊಂಡು ಕೂತ್ಕೋಬೇಕಾ?”

“ಎಲ್ಲಾ ಕೊಡಬೇಕಾಗಿಲ್ಲ ಅಮ್ಮ,” ಎಂದರು ಲೈಬ್ರೇರಿಯನ್. “ಯಾವುದು ಕೊಡಬೇಕು ಅನ್ನೋದು ಅವರ ಇಷ್ಟ. ಕೊಟ್ಟ ಮೇಲೂ ಚಿತ್ರ ಅವರದ್ದೇ. ಹೆಸರು ಹಾಕದೆ ಯಾರೂ ಬಳಸೋ ಹಾಗಿಲ್ಲ.” ಆಮೇಲೆ ಫೋಟೋಗ್ರಾಫರನ ಕಡೆ ತಿರುಗಿದರು. “ಒಂದು ಮಾತು ಮುಚ್ಚಿಡಲ್ಲ. ಒಮ್ಮೆ ಕೊಟ್ಟ ಒಪ್ಪಿಗೆಯನ್ನ ವಾಪಸ್ ತಗೊಳ್ಳೋಕೆ ಆಗಲ್ಲ. ಯೋಚನೆ ಮಾಡಿಯೇ ಕೊಡಿ.”

“ಬದಲಾಯಿಸೋಕೂ ಬಿಡಬೇಕಾ?” ಅವನು ಕೇಳಿದ. “ಒಂದು ಸಲ ಕತ್ತರಿಸಿದ್ದು ನೋಡೇ ಸಾಕಾಗಿದೆ.”

“ಬೇಡ ಅನ್ನಬಹುದು. ಬಿಟ್ರೆ, ಬದಲಾಯಿಸಿದೀವಿ ಅಂತ ಅವರು ಹೇಳಲೇಬೇಕು. ನಮಗೆ ಹೊಳೆಯದೇ ಇರೋ ಉಪಯೋಗ ಇನ್ಯಾರಿಗೋ ಹೊಳೀಬಹುದು.”

ಅವನು ಎದ್ದು ಸ್ಟುಡಿಯೋಗೆ ಹೋದ. ಹಾರ್ಡ್‌ಡಿಸ್ಕ್ ತೆರೆದು ಒಬ್ಬನೇ ಬಹಳ ಹೊತ್ತು ಕೂತ. ಇಷ್ಟು ವರ್ಷ ತೆಗೆದ ಹುಳಗಳು ಅದರೊಳಗೆ ಕತ್ತಲಲ್ಲಿ ಬಿದ್ದಿದ್ದವು. ನೋಡಿದವರು ಮನೆಯವರು, ಮತ್ತೆ ಪೇಜಿನಲ್ಲಿ ಬೆರಳೆಣಿಕೆಯ ಜನ. ಗೋಡೆಯ ಮೇಲೆ ಜೇಡ ಕಂಡಾಗ, ಸಿಟ್ಟಿಗೂ ಮೊದಲು ಖುಷಿಯಾಗಿತ್ತಲ್ಲ, ಅದು ನೆನಪಾಯಿತು. ಮದುವೆಯ ಫೋಟೋಗಳನ್ನು ಮುಟ್ಟಲಿಲ್ಲ. ಹುಳಗಳ ಚಿತ್ರಗಳನ್ನು ಒಂದೊಂದಾಗಿ ಆರಿಸಿ ಮುಕ್ತ ಸಂಗ್ರಹವೊಂದಕ್ಕೆ ಏರಿಸಿದ. ‘ಹೆಸರು ಹಾಕಿ, ಬದಲಾಯಿಸಬಹುದು’ ಎಂಬ ಪರವಾನಗಿ ಆರಿಸುವಾಗ ಮಾತ್ರ ಶರತ್ತನ್ನು ಎರಡೆರಡು ಸಲ ಓದಿದ.

ಪುಸ್ತಕ ಅಚ್ಚಾಯಿತು, ಶಾಲೆಗಳಿಗೆ ಹೋಯಿತು. ಆಮೇಲೊಂದು ದಿನ ಸ್ಟುಡಿಯೋಗೆ ದಪ್ಪ ಕವರ್ ಬಂತು. ಕಳಿಸಿದವರು ಯಾವುದೋ ದೂರದ ಶಾಲೆಯವರು, ಹೆಸರೂ ಕೇಳಿರಲಿಲ್ಲ. ಒಳಗಿದ್ದ ಹಾಳೆಯಲ್ಲಿ ಬಣ್ಣವಿಲ್ಲ, ಗೆರೆಯಿಲ್ಲ, ಬರೀ ಬಿಳಿ. ಅಚ್ಚು ಬಿದ್ದಿಲ್ಲವೇನೋ ಎಂದುಕೊಂಡು ತಿರುಗಿಸಿದಾಗ ಬೆರಳಿಗೆ ಏನೋ ತಾಗಿತು. ಸಣ್ಣ ಸಣ್ಣ ಉಬ್ಬು.

ಜೊತೆಗಿದ್ದ ಚೀಟಿಯಲ್ಲಿ ಹೀಗಿತ್ತು: “ನಮ್ಮದು ಕಣ್ಣು ಕಾಣದ ಮಕ್ಕಳ ಶಾಲೆ. ನಿಮ್ಮ ಚಿತ್ರವನ್ನು ಮುಟ್ಟಿ ನೋಡುವ ಹಾಗೆ ಬದಲಾಯಿಸಿದ್ದೇವೆ. ಮೂಲ ಚಿತ್ರ ನಿಮ್ಮದೆಂದು ಬ್ರೈಲ್ ಲಿಪಿಯಲ್ಲಿ ಕೆಳಗೆ ಬರೆದಿದ್ದೇವೆ.”

ಅವನು ದಂಗಾಗಿ ನಿಂತುಬಿಟ್ಟ. ಗಿರಾಕಿಯೊಬ್ಬರು ಬಂದು ಕೂತದ್ದೂ ತಿಳಿಯಲಿಲ್ಲ. ಹಾಳೆಯನ್ನು ಮೇಜಿನ ಮೇಲಿಟ್ಟು ಕಣ್ಣು ಮುಚ್ಚಿದ. ಬೆರಳು ಮೊದಲು ಚೀಲದ ಸೀಳನ್ನು ಹುಡುಕಿತು. ಆಮೇಲೆ ಒಂದು ಮರಿ. ಅದರ ಕಾಲುಗಳು. ಅದರ ಬೆನ್ನಿಗೇ ಇನ್ನೊಂದು ಮರಿ. ತಾನೇ ತೆಗೆದ ಚಿತ್ರವನ್ನು ಅವನು ಅವತ್ತೇ ಮೊದಲು ನೋಡಿದ ಹಾಗಿತ್ತು.

ಸಂಜೆ ಅಮ್ಮನೂ ಮುಟ್ಟಿ ನೋಡಿದರು. “ಬದಲಾಯಿಸೋಕೆ ಬಿಡದೇ ಇದ್ದಿದ್ರೆ?” ಎಂದರು. ಹಾಳೆಯನ್ನು ಮಗನ ಕೈಗಿಟ್ಟು ಅಮ್ಮನೇ ಹೇಳಿದರು: “ಇನ್ನೂ ಇದ್ರೆ ಅದನ್ನೂ ಹಾಕೋ.”

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನೀವು ಪಾಠ ಹೇಳುವವರಾದರೆ ಚಿತ್ರವನ್ನೋ ಹಾಡನ್ನೋ ಎತ್ತಿಕೊಳ್ಳುವ ಮುಂಚೆ ಇದು ಯಾರದು, ಒಪ್ಪಿಗೆ ಇದೆಯೇ ಎಂದು ನೋಡಿ. ಮುಕ್ತ ಪರವಾನಗಿಯದ್ದನ್ನು ಹುಡುಕಿ, ಶರತ್ತು ಓದಿ, ಮಾಡಿದವರ ಹೆಸರು ಬರೆಯಿರಿ. ಇನ್ನು ನಿಮ್ಮ ಮನೆಯಲ್ಲೇ ನೀವು ಬಿಡಿಸಿದ, ಬರೆದ, ಹಾಡಿದ, ಫೋಟೋ ತೆಗೆದ ಏನಾದರೂ ಸುಮ್ಮನೆ ಬಿದ್ದಿದೆಯೇ? ಯೋಚಿಸಿ. ಹಂಚಬಹುದು ಅನಿಸಿದ್ದನ್ನು ಹಂಚಿ. ಅದಕ್ಕಾಗಿ ಯಾವ ಮಗು ಎಲ್ಲಿ ಕೈ ಚಾಚಿ ಕಾಯುತ್ತಿದೆಯೋ, ಇಲ್ಲಿ ಕೂತ ನಮಗೆ ಗೊತ್ತಾಗುವುದಿಲ್ಲ.