ಗೋಡೆ ದಾಟಿದ ಲಿಲ್ಲಿ

ಕಾಲಿಲ್ಲದ ಗಿಡ ನಡೆಯುವುದು ಹೇಗೆ ಎಂಬುದು ಮೂಡುಬಿದಿರೆಯ ಪುಷ್ಪಾವತಿಯಮ್ಮನಿಗೆ ಎರಡು ವರ್ಷದಿಂದ ಬಗೆಹರಿಯದ ಪ್ರಶ್ನೆ. ಸೊಸೆ ಅಕ್ಷಯಾ ಮಡಂತ್ಯಾರಿನ ತವರಿನಿಂದ ಬರುವಾಗ ರಸ್ತೆ ಬದಿಯ ಗುಲಾಬಿ ಬಣ್ಣದ ಲಿಲ್ಲಿ ತಂದು ಬಾವಿಕಟ್ಟೆಯ ಪಕ್ಕ ನೆಟ್ಟಿದ್ದಳು. ಮರುವರ್ಷ ಮೊದಲ ಮಳೆ ಬಿದ್ದ ನಾಲ್ಕೇ ದಿನಕ್ಕೆ ಅದು ಬಟ್ಟೆ ಒಗೆಯುವ ಕಲ್ಲಿನ ಬುಡದಲ್ಲಿ ಹೂ ಬಿಟ್ಟಿತು. ಆಮೇಲೆ ಬಾವಿಯ ದಾರಿಯನ್ನೇ ನುಂಗಿತು. ತುಳಿಯಲು ಮನಸ್ಸಾಗದೆ ಪುಷ್ಪಾವತಿಯಮ್ಮ ಕೊಡಪಾನ ಹೊತ್ತು, ನೋಯುವ ಮೊಣಕಾಲಿನಲ್ಲೇ ಸುತ್ತು ಬಳಸಿ ಹೋಗುತ್ತಿದ್ದರು.

ಇರುವೆ ಹೊತ್ತಿತೇ? ಪಕ್ಕದ ಮನೆಯ ಕುಸುಮಳ ಕೋಳಿ ಕೆದಕಿತೇ? ಅಗೆದು ನೋಡಿದ್ದರೆ ಒಂದು ನಿಮಿಷದ ಕೆಲಸ. ಆದರೆ ಅದು ನೆಲದಡಿಯ ಗಡ್ಡೆಯನ್ನು ತಿನ್ನದ, ಸುಮ್ಮನೆ ಅಗೆಯಲೂ ಹೋಗದ ಜೈನರ ಮನೆ. ಅವರು ಬಗ್ಗಿ ಬಗ್ಗಿ ನೋಡಿದ್ದೇ ಬಂತು.

ಹೀಗಿರುವಾಗ ಮೇ ತಿಂಗಳ ಒಂದು ಬೆಳಿಗ್ಗೆ ಬಸದಿಯಿಂದ ಬಂದವರು ಹಿಂದಿನ ಜಗಲಿಯಲ್ಲಿ ಕಲ್ಲಾಗಿ ನಿಂತರು. ಮೊರದಲ್ಲಿ ಒಂದು ರಾಶಿ ಸಣ್ಣ ನೀರುಳ್ಳಿ! ಉರುಟು ಮೈ, ಕಂದು ಸಿಪ್ಪೆ. ಮೂರು ತಲೆಮಾರಿನಿಂದ ಹೊಸಿಲು ದಾಟದ ವಸ್ತು. ಅವರು ಅದನ್ನು ಅಂಗಡಿಯಲ್ಲಿ ದೂರದಿಂದ ಕಂಡವರೇ ಹೊರತು ಕೈಯಲ್ಲಿ ಮುಟ್ಟಿದವರಲ್ಲ.

ಅಕ್ಷಯಾ ಕಾಲೇಜು ಓದುವಾಗ ಹಾಸ್ಟೆಲಿನಲ್ಲಿ ಇದ್ದವಳು. ಅಲ್ಲಿಯ ರುಚಿ ಇನ್ನೂ ಬಿಟ್ಟಿಲ್ಲ ಎಂದು ಪುಷ್ಪಾವತಿಯಮ್ಮ ತೀರ್ಮಾನಿಸಿಬಿಟ್ಟರು. ತಮ್ಮ ಗಂಡ ಭರತರಾಜರ ಕಿವಿಗೆ ಬಿದ್ದರೆ ಅಡುಗೆಮನೆ ತೊಳೆಸಿಯಾರು. ಸೊಸೆಯನ್ನು ಮತ್ತೆ ಒಲೆಯ ಹತ್ತಿರ ಬಿಡಲಾರರು. ಮಗಳಂತೆ ನೋಡಿದ ಹುಡುಗಿ. ಹಾಗಾಗಿ ಯಾರಿಗೂ ಹೇಳಲಿಲ್ಲ. ಆದರೆ ಅವಳನ್ನೂ ಕೇಳಲಿಲ್ಲ, ತಪ್ಪಿದ್ದು ಅಲ್ಲೇ. ಮೂರು ದಿನ ಅವಳ ಕೈಯನ್ನೇ ನೋಡಿದರು. ಅವಳು ಪಕ್ಕದಲ್ಲಿ ಹಾದುಹೋದಾಗಲೆಲ್ಲ ಮೂಗರಳಿಸಿದರು. ಸಾರಿನಲ್ಲೂ ವಾಸನೆ ಬಂದ ಹಾಗಾಯಿತು. ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ.

ನಾಲ್ಕನೆಯ ದಿನ ಮೊರವನ್ನು ಸೆರಗಿನಡಿ ಮುಚ್ಚಿಕೊಂಡು ಕುಸುಮಳ ಮನೆಗೆ ಹೋದರು.

"ಇದನ್ನು ನಿನ್ನ ಮೀನು ಸಾರಿಗೆ ಹಾಕು. ಎಲ್ಲಿಂದ ಬಂತು ಅಂತ ಕೇಳ್ಬೇಡ."

ಕುಸುಮ ಒಂದನ್ನು ಚಿವುಟಿ ಮೂಸಿದಳು. "ಪುಷ್ಪಕ್ಕ, ಇದು ನೀರುಳ್ಳಿ ಅಲ್ಲ ಮಾರಾಯ್ರೆ. ಲಿಲ್ಲಿಯ ಗಡ್ಡೆ. ಸಾರಿಗೆ ಹಾಕಿದ್ರೆ ಇಡೀ ಮನೆಗೆ ವಾಂತಿ ಆದೀತು."

ಪುಷ್ಪಾವತಿಯಮ್ಮ ಮೊರವನ್ನು ಅಲ್ಲೇ ಬಿಟ್ಟು ಬಂದರು. ಹಿಂದಿನ ಜಗಲಿಯಲ್ಲಿ ಅಕ್ಷಯಾ ಅದನ್ನೇ ಹುಡುಕುತ್ತಿದ್ದಳು.

"ಅತ್ತೆ, ಇಲ್ಲಿ ಲಿಲ್ಲಿ ಗಡ್ಡೆ ನೆರಳಿಗೆ ಇಟ್ಟಿದ್ದೆ. ದಾರಿಯಲ್ಲಿ ಇದ್ದದ್ದನ್ನೆಲ್ಲ ಒಂದೂ ತುಂಡಾಗದ ಹಾಗೆ ಕೈಯಲ್ಲೇ ಬಿಡಿಸಿದ್ದು. ನೀವು ಗಂಟುನೋವಲ್ಲಿ ಸುತ್ತಿ ಹೋಗ್ತೀರಲ್ಲ. ಮೂರು ದಿನದಿಂದ ಬಾವಿಗೆ ನೇರ ಹೋಗ್ತಾ ಇದ್ದೀರಿ, ಗೊತ್ತಾಗ್ಲಿಲ್ವಾ?"

ಪುಷ್ಪಾವತಿಯಮ್ಮ ಬಾವಿಯ ಕಡೆ ನೋಡಿದರು. ದಾರಿ ತೆರವಾಗಿತ್ತು. ಅದರ ಮೇಲೆ ಅವರದೇ ಹೆಜ್ಜೆಗಳಿದ್ದವು. ಅವರಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು.

"ನಾನು ಅದನ್ನು ನೀರುಳ್ಳಿ ಅಂತ ಎಣಿಸಿದೆ. ನೀನು ಕದ್ದು ತಿನ್ನುತ್ತೀ ಅಂತ. ಕುಸುಮಳಿಗೆ ಕೊಟ್ಟು ಬಂದೆ."

ಅಕ್ಷಯಾ ನಗಲಿಲ್ಲ. "ಮೂರು ದಿನ ಮನಸ್ಸಲ್ಲೇ ಇಟ್ಕೊಂಡ್ರಾ? ಒಂದು ಮಾತು ಕೇಳ್ಬಹುದಿತ್ತು ಅತ್ತೆ."

"ಕೇಳ್ಬೇಕಿತ್ತು. ತಪ್ಪಾಯಿತು."

ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದು ಊರಿಗೆಲ್ಲ ಹೇಳುತ್ತಿದ್ದವರು ಅವರೇ. ಆಮೇಲೆ ಅಕ್ಷಯಾ ಊಟಕ್ಕೆ ಕರೆಯುವಳು, ಮಾತ್ರೆ ಕೊಡುವಳು, ಅಷ್ಟೇ. ಮನೆಯಲ್ಲಿ ಮಾತು ಅಳತೆಯದ್ದಾಯಿತು. ಪುಷ್ಪಾವತಿಯಮ್ಮನಿಗೆ ಮೊಣಕಾಲಿಗಿಂತ ಅದೇ ಹೆಚ್ಚು ನೋಯುತ್ತಿತ್ತು.

ಜೂನಿನಲ್ಲಿ ಮಳೆ ಬಂತು. ವಾರದೊಳಗೆ ಗೋಡೆಯಾಚೆ ಕುಸುಮಳ ಅಂಗಳದ ಉದ್ದಕ್ಕೂ ಲಿಲ್ಲಿ ಅರಳಿತು. ಕಾಲಿಲ್ಲದ ಗಿಡ ಗೋಡೆ ದಾಟಿದ್ದು ಯಾರ ಸೆರಗಿನಡಿ ಎಂದು ಈ ಸಲ ಬಗ್ಗಿ ನೋಡುವ ಅಗತ್ಯವಿರಲಿಲ್ಲ.

ಕೆಳಮನೆಯ ಸೇಸಮ್ಮ ಹಾದಿಯಲ್ಲಿ ನಿಂತು ಕೇಳಿದರು, "ಕುಸುಮಳಲ್ಲಿ ಇಷ್ಟು ಚೆಂದದ ಹೂ ಎಲ್ಲಿಂದ ಬಂತು?"

ಪುಷ್ಪಾವತಿಯಮ್ಮ ಸೊಸೆಯ ಕಡೆ ತಿರುಗಿದರು. ಅಕ್ಷಯಾ ಅತ್ತೆಯ ಮುಖ ನೋಡಿ, ಗಂಭೀರವಾಗಿಯೇ ಹೇಳಿದಳು:

"ಅದು ಹೂ ಅಲ್ಲ ಸೇಸಮ್ಮ, ನಮ್ಮ ಅತ್ತೆ ಕೊಟ್ಟ ನೀರುಳ್ಳಿ."